ಸೆರಗು ಸರಿಪಡಿಸುವ ಕೈ

ಕನ್ನಡಿ ಹೊಲಿದ ಬಟ್ಟೆಗೆ ನೇರವಾಗಿ ಫ್ಲ್ಯಾಶ್ ಹೊಡೆಯಬಾರದು. ವಡೋದರಾದ ಗರ್ಬಾ ಮೈದಾನದಲ್ಲಿ ನನ್ನ ಮೊದಲ ನವರಾತ್ರಿಯಂದೇ ಈ ಪಾಠ ಆಯಿತು. ಚನಿಯಾ ಚೋಲಿಯ ಮೇಲಿನ ಒಂದೊಂದು ಬಿಲ್ಲೆ ಕನ್ನಡಿಯೂ ಬೆಳಕನ್ನು ಹಾಗೆಯೇ ಲೆನ್ಸಿನ ಒಳಕ್ಕೆ ವಾಪಸ್ ಕಳಿಸಿತ್ತು. ಮನೆಗೆ ಬಂದು ನೋಡಿದರೆ ಚಿತ್ರದ ತುಂಬ ಬಿಳಿ ಚುಕ್ಕೆಗಳು. ಅವುಗಳ ಹಿಂದೆ ಯಾರಿದ್ದರು, ಎಂಥ ಬಣ್ಣ ಉಟ್ಟಿದ್ದರು, ನಗುತ್ತಿದ್ದರೋ ದಣಿದಿದ್ದರೋ ಒಂದೂ ತಿಳಿಯುವಂತಿರಲಿಲ್ಲ. ಮರುರಾತ್ರಿ ಫ್ಲ್ಯಾಶನ್ನು ಮನೆಯಲ್ಲೇ ಇಟ್ಟು ಹೋದೆ. ಐಎಸ್‌ಒ 3200ಕ್ಕೆ ಏರಿಸಿ, ಶಟರನ್ನು 1/15 ಸೆಕೆಂಡಿಗೆ ಇಳಿಸಿ, ಸುತ್ತುವವರ ಓಟಕ್ಕೆ ಸರಿಯಾಗಿ ನಾನೂ ಸೊಂಟದಿಂದ ತಿರುಗುತ್ತಾ ಒತ್ತಿದೆ. ಹತ್ತರಲ್ಲಿ ಒಂಬತ್ತು ಕೆಟ್ಟವು. ಹತ್ತನೆಯದರಲ್ಲಿ ಹುಡುಗಿಯೊಬ್ಬಳ ಮುಖ ನೀರಲ್ಲಿ ನಿಂತ ದೀಪದ ಹಾಗೆ ನಿಶ್ಚಲವಾಗಿತ್ತು. ಎಂಟು ಮೀಟರ್ ಘೇರಿನ ಲಂಗ ಮಾತ್ರ ಕೆಂಪು ಹೊಳೆಯಾಗಿ ಹರಿದಿತ್ತು.

ನಾನು ಉಡುಪಿ ಸೀಮೆಯವನು. ಹೊಟ್ಟೆಪಾಡಿನ ಕೆಲಸ ವಡೋದರಾದಲ್ಲಿ. ಕ್ಯಾಮೆರಾ ರಜೆಯ ದಿನಗಳದ್ದು. ಇಷ್ಟು ವರ್ಷ ತೆಗೆದ ಚಿತ್ರಗಳನ್ನು ನೆಲದ ಮೇಲೆ ಹರವಿಕೊಂಡು ಕೂತರೆ ಮುಕ್ಕಾಲು ಪಾಲು ವೇಷಗಳೇ. ಯಾಕೆ ಎಂದು ಯಾರಾದರೂ ಕೇಳಿದರೆ ಕೃಷ್ಣಾಷ್ಟಮಿಯ ವಿಟ್ಲಪಿಂಡಿಯ ದಿನ ನೆನಪಾಗುತ್ತದೆ. ಬೀದಿಯ ತುದಿಯಲ್ಲಿ ತಾಸೆಯ ಸದ್ದು ಕೇಳಿದರೆ ಸಾಕು, ಅಜ್ಜಿ ಒಳಗಿನಿಂದಲೇ "ವೇಷ ಬಂತು, ಚಿಲ್ಲರೆ ತೆಗೆದಿಡಿ" ಎನ್ನುತ್ತಿದ್ದರು. ಹುಲಿ ಬಂತು, ಕರಡಿ ಬಂತು, ಸೀರೆ ಉಟ್ಟ ಗಂಡಸು ಬಂದ. ಅಜ್ಜಿ ಯಾರನ್ನೂ ಬರಿಗೈಯಲ್ಲಿ ಹೋಗಗೊಡುತ್ತಿರಲಿಲ್ಲ. ವೇಷದವರನ್ನು ಸುಮ್ಮನೆ ನೋಡಿ ಕಳಿಸಬಾರದು ಎಂಬುದು ಅವರಿಗೆ ಶಾಸ್ತ್ರದಷ್ಟೇ ಖಚಿತವಾಗಿತ್ತು. ಕೆಲವರದು ಹರಕೆಯ ವೇಷ, ಕೆಲವರದು ಹೊಟ್ಟೆಯ ವೇಷ. ಎರಡಕ್ಕೂ ಮರ್ಯಾದೆ ಒಂದೇ.

ಆ ಬೀದಿಗಳಿಗೆ ಈಗ ಬೇರೆ ಲೋಕದ ಜೀವಿಗಳೂ ಬಂದಿದ್ದಾರೆ. ಕೂಲಿ ಕೆಲಸದ ರವಿ ಕಟಪಾಡಿಯವರು ಅಷ್ಟಮಿಗೆ ಹಾಲಿವುಡ್ಡಿನ ಅದ್ಭುತಕಥೆಗಳ ದೈತ್ಯರಾಗಿ, ಕೊಂಬು ಚಿಪ್ಪು ಹೊತ್ತ ವಿಚಿತ್ರ ಪ್ರಾಣಿಗಳಾಗಿ ವರ್ಷ ವರ್ಷ ಬೀದಿಗಿಳಿದರು. ಹಾಗೆ ಕೂಡಿದ ಹಣವನ್ನು ಕಾಯಿಲೆಬಿದ್ದ ಮಕ್ಕಳ ಚಿಕಿತ್ಸೆಗೆ ಕೊಟ್ಟರು. ಬಣ್ಣ ಬಳಿಸಿಕೊಳ್ಳುವುದಕ್ಕೇ ಗಂಟೆಗಟ್ಟಲೆ ಕೂರಬೇಕಾದ ವೇಷಗಳು ಅವು. ಅನ್ಯಗ್ರಹದವನಂತೆ ಕಾಣುವ ಆ ಮುಖದ ಜೊತೆ ನಿಂತು ಫೋಟೊ ತೆಗೆಸಿಕೊಂಡವರು ಪೆಟ್ಟಿಗೆಗೆ ನೋಟು ಹಾಕಿ ಹೋಗುತ್ತಿದ್ದುದು ನನ್ನ ಅಜ್ಜಿಯ ಶಾಸ್ತ್ರವೇ.

ವಿಜ್ಞಾನ ಕಥೆಗಳ ಅಭಿಮಾನಿಗಳು ಮೆಚ್ಚಿನ ಪಾತ್ರವಾಗಿ ಸಿಂಗರಿಸಿಕೊಂಡು ಸಮ್ಮೇಳನಕ್ಕೆ ಹೋಗುವ ರೂಢಿಗೂ ಒಂದು ಹುಟ್ಟುದಿನವಿದೆ. 1939ರ ಜುಲೈನಲ್ಲಿ ನ್ಯೂಯಾರ್ಕಿನಲ್ಲಿ ಮೊದಲ ವಿಶ್ವ ವಿಜ್ಞಾನಕಥಾ ಸಮ್ಮೇಳನ ನಡೆಯಿತು. ಫಾರೆಸ್ಟ್ ಆಕರ್‌ಮನ್ ಎಂಬ ತರುಣ, ಮೊರೊಜೊ ಎಂದೇ ಹೆಸರಾಗಿದ್ದ ಮಿರ್ಟಲ್ ಡಗ್ಲಸ್ ಎಂಬ ಗೆಳತಿ ಇಬ್ಬರೂ ಮುಂದಿನ ಕಾಲದ ಉಡುಪು ಧರಿಸಿ ಬಂದರು. ಎಲ್ಲರೂ ಹೀಗೆಯೇ ಬರುತ್ತಾರೆಂದು ಅವನು ಎಣಿಸಿದ್ದನಂತೆ. ಬಂದವರು ಇವರಿಬ್ಬರೇ. ಉಡುಪಿಗೆ ಮೂಲ 1936ರ 'ಥಿಂಗ್ಸ್ ಟು ಕಮ್' ಚಲನಚಿತ್ರ, ಹೊಲಿದವಳು ಮೊರೊಜೊ. ಬಹುಕಾಲ ಎಲ್ಲರ ಬಾಯಲ್ಲಿದ್ದ ಹೆಸರು ಆಕರ್‌ಮನ್‌ದು. ಸೂಜಿ ಹಿಡಿದವಳ ಹೆಸರು ಹಿಂದೆ ಬಿತ್ತು. ಆ ದಿನದ ಫೋಟೊಗಳು ಉಳಿದಿರುವುದರಿಂದಲೇ ಇವತ್ತು ಆ ಹೊಲಿಗೆಯನ್ನು ನಾವು ನೋಡಬಹುದು. ಜಪಾನಿನವರು 1980ರ ದಶಕದಲ್ಲಿ ಇದಕ್ಕೆ 'ಕಾಸ್‌ಪ್ಲೇ' ಎಂಬ ಚುಟುಕು ಹೆಸರು ಕೊಟ್ಟರು. ಇಂಥ ವೇಷದವರು ಸೇರುವ ಕಾಮಿಕ್ ಕಾನ್ ಮೇಳ ಬೆಂಗಳೂರಿಗೆ ಬಂದದ್ದು 2012ರಲ್ಲಿ.

ಬೆಂಗಳೂರಿನಲ್ಲಿರುವ ಅಕ್ಕನ ಮಗಳು ಆ ಜಾತ್ರೆಗೆ ಒಮ್ಮೆಯೂ ತಪ್ಪಿಸಿದವಳಲ್ಲ. ಒಂದು ಸಲ ನನ್ನನ್ನೂ ಕರೆದುಕೊಂಡು ಹೋದಳು. ಎರಡು ತಿಂಗಳಿಂದ ಅವಳ ಕೋಣೆ ಬಡಗಿಯ ಅಂಗಡಿಯಾಗಿತ್ತು. ದಪ್ಪ ಫೋಮ್ ಹಾಳೆಯನ್ನು ಕಾಗದದ ಅಚ್ಚಿಟ್ಟು ಕೊಯ್ದು, ಬಿಸಿಗಾಳಿಯ ಗನ್ನಿನಿಂದ ಕಾಸಿ ಮೊಣಕಾಲ ಮೇಲೆ ಬಗ್ಗಿಸಿ, ರಬ್ಬರ್ ಸೊಲ್ಯೂಷನ್ ಹಚ್ಚಿ, ಮೇಲೆ ಉಕ್ಕಿನ ಬಣ್ಣ ಹೊಡೆದು ಎದೆಗವಚ ಮಾಡಿದ್ದಳು. ಹತ್ತಿರದಿಂದ ನೋಡಿದರೂ ಕಬ್ಬಿಣವೆಂದೇ ನಂಬಬೇಕು. ಅದನ್ನು ತೊಟ್ಟ ಮೇಲೆ ಕೂರಲು ಆಗುವುದಿಲ್ಲ, ನೀರು ಕುಡಿಯಲು ಇನ್ನೊಬ್ಬರು ಬೇಕು. ಸಭಾಂಗಣದೊಳಗೆ ಕಾಲಿಟ್ಟ ಕೂಡಲೇ ನಾನು ಎದುರಿಗೆ ಬಂದ ಯಾರದೋ ಮುಖವಾಡಕ್ಕೆ ಕ್ಯಾಮೆರಾ ಎತ್ತಿದೆ. ಅವಳು ನನ್ನ ಮುಂಗೈ ಹಿಡಿದು ತಗ್ಗಿಸಿದಳು.

"ಮಾವ, ಮೊದಲು ಕೇಳಿ. ಅವರು ನಿಲ್ಲುವ ಭಂಗಿ ಒಂದಿರುತ್ತದೆ. ಅದನ್ನು ಕನ್ನಡಿ ಮುಂದೆ ತಿಂಗಳುಗಟ್ಟಲೆ ಅಭ್ಯಾಸ ಮಾಡಿರುತ್ತಾರೆ. ಕೇಳದೆ ತೆಗೆದರೆ ನಿಮಗೆ ಅದು ಸಿಗುವುದೇ ಇಲ್ಲ."

ಕೇಳಿದೆ. ಮುಖವಾಡದವನು ತಲೆಯಾಡಿಸಿ, ಒಂದು ಹೆಜ್ಜೆ ಹಿಂದಿಟ್ಟು, ಭುಜ ಇಳಿಸಿ, ಕುತ್ತಿಗೆ ಓರೆ ಮಾಡಿದ. ಅಷ್ಟೇ. ಅಲ್ಲಿದ್ದ ಕಾಲೇಜು ಹುಡುಗ ಮಾಯವಾಗಿ ಪಾತ್ರ ಬಂದು ನಿಂತಿತು. ಯಕ್ಷಗಾನದ ಚೌಕಿಯಲ್ಲಿ ಕಿರೀಟ ಕಟ್ಟಿಸಿಕೊಂಡ ವೇಷಧಾರಿ ಎದ್ದು ಕನ್ನಡಿಯ ಕಡೆ ಕೊನೆಯ ಸಲ ನೋಡುವ ಕ್ಷಣವನ್ನು ಕಂಡವರಿಗೆ ಈ ಬದಲಾವಣೆ ಗೊತ್ತು. ಟೋಕಿಯೊದ ಕಾಮಿಕೆಟ್ ಮೇಳದಲ್ಲಿ ವೇಷದವರಿಗೆ ಬೇರೆಯೇ ಅಂಗಳ ಬಿಟ್ಟುಕೊಡುತ್ತಾರೆ. ಫೋಟೊದವರು ಅಲ್ಲಿ ಸಾಲಾಗಿ ನಿಂತು, ತಮ್ಮ ಸರದಿ ಬಂದಾಗ ಕೇಳಿ ತೆಗೆದು, ವಂದಿಸಿ ಮುಂದೆ ಹೋಗುತ್ತಾರೆ. 2014ರಲ್ಲಿ ನ್ಯೂಯಾರ್ಕ್ ಕಾಮಿಕ್ ಕಾನ್ ಬಾಗಿಲಲ್ಲೇ ದೊಡ್ಡ ಫಲಕ ನಿಲ್ಲಿಸಿತು: ವೇಷ ಹಾಕಿದ ಮಾತ್ರಕ್ಕೆ ಒಪ್ಪಿಗೆ ಕೊಟ್ಟಂತಲ್ಲ, ಮುಟ್ಟುವ ಮೊದಲೂ ಫೋಟೊ ತೆಗೆಯುವ ಮೊದಲೂ ಕೇಳಿ ಎಂಬರ್ಥದ್ದು. ಹೆಣ್ಣುಮಕ್ಕಳು ಪಟ್ಟ ಪಾಡಿನಿಂದ ಬಂದ ಫಲಕ ಅದು. ನಮ್ಮ ಎಲ್ಲ ಮೈದಾನಗಳಿಗೂ, ಗರ್ಬಾದ ಮೈದಾನಕ್ಕೂ, ಅಂಥದೊಂದು ಬೇಕು ಎಂದೇ ನನ್ನ ಅಭಿಪ್ರಾಯ. ಬೇಲಿಯಾಚೆ ನಿಂತು ಉದ್ದ ಲೆನ್ಸಿನಲ್ಲಿ ಹುಡುಗಿಯರ ಬೆನ್ನು ಹುಡುಕುವವರನ್ನು ನಾನು ಎಷ್ಟೋ ನವರಾತ್ರಿಗಳಲ್ಲಿ ಕಂಡಿದ್ದೇನೆ. ಅವರೂ ನನ್ನ ಹಾಗೆಯೇ ಕ್ಯಾಮೆರಾ ಹೊತ್ತವರು ಎಂಬುದು ನನಗೆ ಸಂಕಟ.

ವೇಷ ಎಂಬ ನಮ್ಮ ಮಾತು ಗುಜರಾತಿಯಲ್ಲೂ ಇದೆ. ಇಲ್ಲಿನ ಭವಾಯಿ ಜನಪದ ನಾಟಕದಲ್ಲಿ ಒಂದೊಂದು ಪ್ರಸಂಗಕ್ಕೂ 'ವೇಶ್' ಎಂದೇ ಹೆಸರು. ನಮ್ಮಲ್ಲಿ ವೇಷವೆಂದರೆ ಹಾಕಿಕೊಂಡವನು. ಇವರಲ್ಲಿ ಇಡೀ ಆಟವೇ. ಅದರ ಮೂಲಪುರುಷ ಉಂಝಾದ ಅಸಾಯಿತ ಠಾಕರ್, 14ನೇ ಶತಮಾನದವನು. ಸರದಾರನೊಬ್ಬ ಹೊತ್ತೊಯ್ದಿದ್ದ ಪಟೇಲನ ಮಗಳನ್ನು ಬಿಡಿಸಲು ಅವಳು ತನ್ನ ಮಗಳೆಂದ. ಅದನ್ನು ರುಜುವಾತು ಮಾಡಲು ಬ್ರಾಹ್ಮಣನಾದ ಅವನು ಅವಳ ಜೊತೆ ಒಂದೇ ತಟ್ಟೆಯಲ್ಲಿ ಉಂಡ. ಜಾತಿಯವರು ಹೊರಗೆ ಹಾಕಿದರು. ಆಡಿ ಹಾಡಿ ಬದುಕಬೇಕಾಯಿತು ಎಂಬುದು ಕಥೆ. ಅವನು ಕಟ್ಟಿದ ವೇಶಗಳು 360 ಎನ್ನುತ್ತಾರೆ. ಒಬ್ಬ ಹುಡುಗಿಯ ತಂದೆಯ ವೇಷ ಹಾಕಿದ್ದರಿಂದ ಹುಟ್ಟಿದ ಕಲೆ ಎಂದು ನೆನೆದಾಗ ಭವಾಯಿಯವರ ತಾಮ್ರದ ಭುಂಗಳದ ಉದ್ದ ಕೂಗು ನನಗೆ ಬೇರೆ ಥರ ಕೇಳಿಸುತ್ತದೆ.

ವಡೋದರಾದಲ್ಲಿದ್ದುಕೊಂಡು ವೇಷದ ಚಿತ್ರಗಳ ಬಗ್ಗೆ ಯೋಚಿಸುವವನು ಇಬ್ಬರನ್ನು ದಾಟಿ ಹೋಗಲಾರ.

ಒಬ್ಬರು ರಾಜಾ ರವಿವರ್ಮ. ಮೂರನೇ ಸಯಾಜಿರಾವ್ ಗಾಯಕವಾಡರಿಗೆ ಅಧಿಕಾರ ಬಂದ 1881ರಲ್ಲಿ ಅವರು ಇಲ್ಲಿಗೆ ಬಂದು ಚಿತ್ರ ಬರೆದರು. ಆಮೇಲೆ ಮಹಾರಾಜರು ಪುರಾಣದ 14 ಚಿತ್ರಗಳನ್ನು ಬರೆಯಲು ಹೇಳಿದಾಗ ರವಿವರ್ಮರಿಗೆ ಎದುರಾದದ್ದು ಉಡುಗೆಯ ಪ್ರಶ್ನೆ. ದಮಯಂತಿ ಏನು ಉಟ್ಟಿದ್ದಳು? ಶಂತನು ಎಂಥ ಪೇಟ ಸುತ್ತಿದ್ದ? ಉತ್ತರ ಹುಡುಕಿಕೊಂಡು ತಮ್ಮನೊಂದಿಗೆ ಉತ್ತರ ಹಿಂದೂಸ್ಥಾನ ಸುತ್ತಿದರು. ಕೊನೆಗೆ ಹೆಂಗಸರಿಗೆ ಸೀರೆಯನ್ನೇ ಗಟ್ಟಿಮಾಡಿದರು. ಅವರು ತೊಡಿಸಿದ ಆ ವೇಷವೇ ಕ್ಯಾಲೆಂಡರುಗಳಿಗೆ, ನಾಟಕ ಕಂಪನಿಗಳಿಗೆ, ಸಿನಿಮಾಕ್ಕೆ ಹರಿದು ಬಂದು, ಲಕ್ಷ್ಮಿ ಸರಸ್ವತಿಯರು ಹೀಗೆಯೇ ಇರುತ್ತಾರೆ ಎಂದು ನಾವೆಲ್ಲ ನಂಬುವಂತಾಯಿತು.

ಇನ್ನೊಬ್ಬರು ನಮ್ಮ ಬೆಂಗಳೂರಿನ ಪುಷ್ಪಮಾಲಾ ಎನ್. ಅವರು ಶಿಲ್ಪಕಲೆ ಕಲಿತದ್ದು ಇಲ್ಲಿಯ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದ ಲಲಿತಕಲಾ ವಿಭಾಗದಲ್ಲಿ. ಶಿಲ್ಪಿಯಾಗಿ ಹೆಸರು ಮಾಡಿದ ಮೇಲೆ, 1990ರ ದಶಕದಲ್ಲಿ, ತಾವೇ ವೇಷ ಹಾಕಿಕೊಂಡು ಕ್ಯಾಮೆರಾ ಎದುರು ನಿಂತರು. 1996-98ರ 'ಫ್ಯಾಂಟಮ್ ಲೇಡಿ'ಯಲ್ಲಿ ಅವರು ಮುಖವಾಡದ ಸಾಹಸಿ. ಮುಂಬಯಿಯ ಕತ್ತಲ ಗಲ್ಲಿಗಳಲ್ಲಿ ಕಳೆದುಹೋದ ಅವಳಿ ಸೋದರಿಯನ್ನು ಹುಡುಕುತ್ತಾರೆ. ಆ ಮುಖವಾಡದ ಹಿಂದೆ ಇರುವವಳು 1935ರ 'ಹಂಟರ್‌ವಾಲಿ'ಯ ನಾಡಿಯಾ: ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಹುಟ್ಟಿ, ಚಾವಟಿ ಬೀಸುತ್ತಾ ರೈಲಿನ ನೆತ್ತಿಯ ಮೇಲೆ ಓಡಿದ ಹೆಣ್ಣು. ಆ ಸಿನಿಮಾ ಬಂದಾಗ ಅಂಗಡಿಗಳಲ್ಲಿ ಹಂಟರ್‌ವಾಲಿ ಹೆಸರಿನ ಚಾವಟಿ, ಬೆಲ್ಟುಗಳು ಮಾರಾಟಕ್ಕೆ ಬಂದವು. ನ್ಯೂಯಾರ್ಕಿನ ಸಮ್ಮೇಳನಕ್ಕೆ ನಾಲ್ಕು ವರ್ಷ ಮೊದಲೇ ನಮ್ಮಲ್ಲೂ ಯಾರೋ ಆ ಬೆಲ್ಟು ಕಟ್ಟಿಕೊಂಡು ಕನ್ನಡಿಯ ಮುಂದೆ ನಿಂತಿರಲೇಬೇಕು. ಅವರ ಫೋಟೊ ಯಾರಾದರೂ ತೆಗೆದಿದ್ದರೆ ಎಂದು ಆಸೆಯಾಗುತ್ತದೆ.

'ಹಂಟರ್‌ವಾಲಿ' ಸಿನಿಮಾ ತೆಗೆದ ವಾಡಿಯಾ ಸಹೋದರರು ಹಡಗು ಕಟ್ಟುವ ಪಾರ್ಸಿ ಮನೆತನದವರು; ಮನೆತನದ ಲವಜೀ ನಸರವಾನಜೀ ಹಡಗುಕಟ್ಟೆ ಕಟ್ಟಲು ಸೂರತ್‌ನಿಂದ ಮುಂಬಯಿಗೆ ಹೋದದ್ದು 1736ರಲ್ಲಿ. ಹೀಗೆ ಸೂರತ್‌ನಿಂದ ಹೊರಟ ಎಳೆಯೊಂದು ಮುಂಬಯಿಯ ಸ್ಟುಡಿಯೊ ಹಾದು, ವಡೋದರಾದಲ್ಲಿ ಕಲಿತ ಕನ್ನಡತಿಯ ಮುಖವಾಡದಲ್ಲಿ ಬಂದು ಸೇರುತ್ತದೆ. ಸೂರತ್‌ಗೆ ನಾನು ಹೋಗುವುದು ಮಾತ್ರ ಬಟ್ಟೆಗೆ. ಅಕ್ಕನ ಮಗಳ ಫೋನ್ ಬರುತ್ತದೆ, ಇಂಥ ಹಸಿರಿನ ಸ್ಯಾಟಿನ್ ಐದು ಮೀಟರ್, ಚಮಕಿಯ ಅಂಚು ಒಂದು ರೋಲ್. ರಿಂಗ್ ರೋಡಿನ ಮಾರ್ಕೆಟ್ಟಿನಲ್ಲಿ ಸಗಟು ವ್ಯಾಪಾರದವರು ಐದು ಮೀಟರ್ ಎಂದರೆ ತಲೆ ಎತ್ತಿ ನೋಡುತ್ತಾರೆ. ಯಾತಕ್ಕೆ ಎಂದು ಹೇಳಿ, ಫೋನಿನಲ್ಲಿ ಅವಳ ಕವಚದ ಚಿತ್ರ ತೋರಿಸಿದರೆ ಕೊಟ್ಟುಬಿಡುತ್ತಾರೆ. ದಕ್ಷಿಣದ ರೇಷ್ಮೆ ಮಗ್ಗಗಳಿಗೆ ಜರಿ ಹೋಗುವ ಊರು ಇದು. ನಮ್ಮ ಅಜ್ಜಿಯರ ಧಾರೆ ಸೀರೆಯ ಮಿಂಚೂ ಇಲ್ಲಿಯದೇ ಇದ್ದೀತು.

ಮತ್ತೆ ಪುಷ್ಪಮಾಲಾರಿಗೆ ಬರುತ್ತೇನೆ, ಏಕೆಂದರೆ ನನ್ನ ಕೈಯನ್ನು ತಿದ್ದಿದ್ದು ಅವರ ಇನ್ನೊಂದು ಸರಣಿ. ಬೆಂಗಳೂರಿನಲ್ಲಿ ನೆಲೆಸಿದ ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜೊತೆ 2000ದಿಂದ 2004ರವರೆಗೆ ಅವರು 'ದಕ್ಷಿಣ ಭಾರತದ ದೇಶಿ ಹೆಂಗಸರು: ನಡೆನುಡಿ ಮತ್ತು ಪದ್ಧತಿಗಳು' ಎಂಬರ್ಥದ ಇಂಗ್ಲಿಷ್ ಹೆಸರಿನ ಸರಣಿ ಮಾಡಿದರು. ರವಿವರ್ಮರ ಬೆಳದಿಂಗಳ ಹೆಂಗಸಾಗಿ, ಲಕ್ಷ್ಮಿಯಾಗಿ, ಬಿಜಾಪುರದ ಮಿನಿಯೇಚರ್ ವರ್ಣಚಿತ್ರದ ಯೋಗಿನಿಯಾಗಿ, ಸಿನಿಮಾ ನಟಿಯಾಗಿ ನಿಂತರು. ಪರದೆ, ಒಡವೆ, ಬೆಳಕು ಎಲ್ಲವನ್ನೂ ಮೂಲದಂತೆಯೇ ಕಟ್ಟಿದರು. ಒಂದು ಚಿತ್ರದಲ್ಲಿ ಮಾತ್ರ ಹಿಂದೆ ಕಪ್ಪು ಬಿಳುಪಿನ ಚೌಕಳಿ ಪರದೆ. ಮುಂದೆ ನಿಂತ ಹೆಣ್ಣಿನ ದೇಹಕ್ಕೆ ಅಳತೆಯ ಉಪಕರಣ. ವಸಾಹತು ಕಾಲದ ಮಾನವಶಾಸ್ತ್ರದವರು ಬುಡಕಟ್ಟಿನ ಜನರನ್ನು ನಿಲ್ಲಿಸಿ ತೆಗೆಯುತ್ತಿದ್ದುದು ಹಾಗೆ. 1868ರಿಂದ 1875ರವರೆಗೆ 'ದಿ ಪೀಪಲ್ ಆಫ್ ಇಂಡಿಯಾ' ಎಂಬ ಎಂಟು ಸಂಪುಟಗಳೇ ಬಂದವು. ಜಾತಿಗೊಂದು, ಕಸುಬಿಗೊಂದು ಮುಖ ಅಂಟಿಸಿದವು. ಆ ಮುಖಗಳ ಉಡುಗೆಯ ವಿವರವಿದೆ, ಹೆಸರಿರುವುದು ಅಪರೂಪ.

ಆ ಚೌಕಳಿ ಪರದೆಯ ಚಿತ್ರವನ್ನು ಪುಸ್ತಕವೊಂದರಲ್ಲಿ ನೋಡಿದ ದಿನ ನನ್ನ ಗರ್ಬಾ ಚಿತ್ರಗಳ ಪೆಟ್ಟಿಗೆ ತೆರೆದೆ. ಕಛ್ ಕಸೂತಿ, ಕೇಡಿಯು ಅಂಗಿ ತೊಟ್ಟ ಯುವಕ, ಬೆಳ್ಳಿ ಕಡಗದ ಅಜ್ಜಿ ಎಂದು ಹಿಂಬದಿಯಲ್ಲಿ ಬರೆದಿಟ್ಟಿದ್ದೆ. ಒಬ್ಬರ ಹೆಸರನ್ನೂ ಕೇಳಿರಲಿಲ್ಲ. ನನ್ನದೂ ಚೌಕಳಿ ಪರದೆಯೇ, ಕಣ್ಣಿಗೆ ಕಾಣದ್ದು. ಅದೇ ಸರಣಿಯಲ್ಲಿ ಪುಷ್ಪಮಾಲಾ ಮತ್ತು ಆರ್ನಿ ತಯಾರಿಯ ಚಿತ್ರಗಳನ್ನೂ ಇಟ್ಟಿದ್ದಾರೆ: ಪರದೆ ಬರೆಯುವವರು, ಉಡಿಸುವವರು, ಬೆಳಕು ಹಿಡಿಯುವವರು. ವೇಷ ಕಟ್ಟುವ ಕೈಗಳನ್ನು ಚೌಕಟ್ಟಿನಿಂದ ಹೊರಗೆ ತಳ್ಳಬಾರದು ಎಂದು ನನಗೆ ಹೊಳೆದದ್ದು ಅಲ್ಲಿಂದ. ಪುಷ್ಪಮಾಲಾ ಕಲಿತ ಲಲಿತಕಲಾ ವಿಭಾಗದಲ್ಲೇ ಕಲಿತು, ಕಲಿಸಿದ ಜ್ಯೋತಿ ಭಟ್ಟರು 1960ರ ದಶಕದಿಂದ ಗುಜರಾತಿನ ಹಳ್ಳಿಗಳಿಗೆ ಹೋಗಿ ಗೋಡೆಯ ಚಿತ್ತಾರ, ಹಚ್ಚೆ, ಕಸೂತಿಯ ಫೋಟೊ ತೆಗೆದರು. ಅವರ ಎಷ್ಟೋ ಚಿತ್ರಗಳಲ್ಲಿ ಚಿತ್ತಾರದ ಪಕ್ಕದಲ್ಲೇ ಆ ಮನೆಯವರು ನಿಂತಿರುತ್ತಾರೆ, ನೇರ ನಮ್ಮನ್ನೇ ನೋಡುತ್ತಾ.

ಅಹಮದಾಬಾದಿನ ಒಂದು ರಾತ್ರಿ ಹೇಳುವುದಿದೆ. ಅದಕ್ಕೆ ಮೊದಲು ಆ ಊರಿನವರು ತಮ್ಮ ರಂಗಮಂದಿರವೊಂದಕ್ಕೆ ಹೆಸರಿಟ್ಟ ಜಯಶಂಕರ 'ಸುಂದರಿ'ಯನ್ನು ನೆನೆಯಬೇಕು. 1889ರಲ್ಲಿ ಹುಟ್ಟಿದ ಜಯಶಂಕರ ಭೋಜಕರಿಗೆ 'ಸೌಭಾಗ್ಯ ಸುಂದರಿ' ನಾಟಕದ ಸ್ತ್ರೀಪಾತ್ರ ಆ ಅಡ್ಡಹೆಸರನ್ನು ಶಾಶ್ವತವಾಗಿ ತಂದಿತು. ಮುಂಬಯಿಯ ಕುಲೀನ ಮನೆಗಳ ಹೆಂಗಸರು ಅವರು ಸೀರೆ ಉಟ್ಟ ರೀತಿ, ನಡೆದ ರೀತಿ ನೋಡಿ ತಾವು ಅನುಕರಿಸುತ್ತಿದ್ದರು. 1971ರಲ್ಲಿ ಪದ್ಮಭೂಷಣ ಬಂತು. ಗಂಡಸಿನ ಮೈಮೇಲೆ ಸೀರೆ ಎಂದರೆ ನಗುವವರಿಗೆ ನಾನು ಈ ಮಾತು ಹೇಳುತ್ತೇನೆ.

ಹಳೆಯ ಅಹಮದಾಬಾದಿನ ಶಾಹಪುರದಲ್ಲಿ ಸದು ಮಾತಾನೀ ಪೋಳ್ ಇದೆ. ಪೋಳ್ ಎಂದರೆ ಒಂದೇ ಹೆಬ್ಬಾಗಿಲೊಳಗೆ ಗೋಡೆಗೆ ಗೋಡೆ ತಾಗಿಕೊಂಡ ಮನೆಗಳ ಕೇರಿ. ಇಂಥ ಕೇರಿಗಳಿಂದಾಗಿಯೇ ಈ ಕೋಟೆಯೂರು 2017ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ನವರಾತ್ರಿಯ ಎಂಟನೇ ರಾತ್ರಿ ಇಲ್ಲಿ ಬಾರೋಟ್ ಸಮುದಾಯದ ಗಂಡಸರು ಸೀರೆ ಉಟ್ಟು ಗರ್ಬಾ ಆಡುತ್ತಾರೆ. ಸುಮಾರು 200 ವರ್ಷಗಳ ಹಿಂದೆ ಸದುಬಾ ಎಂಬ ಹೆಣ್ಣುಮಗಳು ತನ್ನ ಮಾನ ಕಾಯಿರೆಂದು ಕೇರಿಯ ಗಂಡಸರನ್ನು ಬೇಡಿದಳಂತೆ. ಅವರು ಹಿಂಜರಿದರು. ಅವಳ ಮಗು ಸತ್ತಿತು. ಅವಳು ಶಪಿಸಿ ಪ್ರಾಣ ಬಿಟ್ಟಳು. ಅದರ ಪ್ರಾಯಶ್ಚಿತ್ತ ಈ ಸೀರೆ. ಬಯಸಿದ್ದು ಕೈಗೂಡಿದರೆ ಉಡುತ್ತೇನೆಂದು ಹರಕೆ ಹೊತ್ತವರೂ ಉಡುತ್ತಾರೆ.

ಮೊದಲ ಸಲ ಹೋದಾಗ ನನಗೆ ಈ ಕಥೆಯ ಅರ್ಧ ಮಾತ್ರ ಗೊತ್ತಿತ್ತು. ಇಕ್ಕಟ್ಟಾದ ಗಲ್ಲಿ, ಜಗಲಿಗಳ ಮೇಲೆ ಹೆಂಗಸರು ಮಕ್ಕಳು. ಮೀಸೆ ಹೊತ್ತ ನಡುವಯಸ್ಸಿನ ಗಂಡಸೊಬ್ಬರು ಹಸಿರು ಸೀರೆ ಉಟ್ಟು ಗುಡಿಯ ಕಡೆಯಿಂದ ಬರುತ್ತಿದ್ದರು. ಕೈಯಳತೆಯಿಂದ ಕ್ಯಾಮೆರಾ ಎತ್ತಿ ಒತ್ತಿದೆ. ಅವರು ತಟ್ಟನೆ ಸೆರಗೆಳೆದು ಮುಖ ಮುಚ್ಚಿಕೊಂಡರು. ಸಿಟ್ಟಿನ ಮಾತಿಲ್ಲ, ಏನೂ ಇಲ್ಲ. ಮುಚ್ಚಿಕೊಂಡು ನಿಂತರು, ನಾನು ಹೋಗಲಿ ಎಂದು. ಜಗಲಿಯ ಮೇಲಿದ್ದ ಮುದುಕಿಯೊಬ್ಬರು, "ಭಾಯಿ, ಇದು ತಮಾಷೆಯದಲ್ಲ. ಕೇಳಿದ್ದರೆ ನಿಲ್ಲುತ್ತಿದ್ದ" ಎಂದರು. ಆ ಚಿತ್ರವನ್ನು ಅಲ್ಲಿಯೇ ಅಳಿಸಿ ಅವರಿಗೆ ತೋರಿಸಿದೆ. ಕ್ಯಾಮೆರಾ ಚೀಲಕ್ಕಿಟ್ಟು ಬೆಳಗಿನ ಜಾವದವರೆಗೆ ಕೂತು ನೋಡಿದೆ. ಮೈದಾನದ ಗರ್ಬಾದ ಅಬ್ಬರ ಅಲ್ಲಿರಲಿಲ್ಲ. ನಿಧಾನಕ್ಕೆ ಸುತ್ತುತ್ತಿದ್ದರು, ತಲೆ ತಗ್ಗಿಸಿ, ಸೀರೆ ತೊಡರದಂತೆ ಪುಟ್ಟ ಹೆಜ್ಜೆ ಇಡುತ್ತಾ. ಕೆಲವರ ಕಂಕುಳಲ್ಲಿ ಕೂಸುಗಳಿದ್ದವು.

ಮರುವರ್ಷ ಎಂಟನೇ ರಾತ್ರಿಗೆ ಕಾಯದೆ ಮಧ್ಯಾಹ್ನವೇ ಹೋದೆ. ಆ ಮುದುಕಿಯನ್ನು ಹುಡುಕಿ, ಹಸಿರು ಸೀರೆಯವರ ಮನೆ ಕೇಳಿ, ಬಾಗಿಲಲ್ಲಿ ನಿಂತು ಕೇಳಿದೆ. ಅವರು ನನ್ನನ್ನು ಗುರುತಿಸಿದರು. ಚಹಾ ಬಂತು. ಮಗ ಹುಟ್ಟಲು ಹರಕೆ ಹೊತ್ತಿದ್ದರಂತೆ. ಆ ಮಗ ಈಗ ಕಾಲೇಜಿಗೆ ಹೋಗುತ್ತಾನೆ, ಸೀರೆ ಮಾತ್ರ ಪ್ರತಿವರ್ಷ ಉಡುತ್ತೇನೆ ಎಂದರು. ಉಟ್ಟ ಮೇಲೆ ತೆಗೆಯಬಹುದು, ಆದರೆ ಒಂದು ಪ್ರತಿ ಮನೆಗೆ ಬರಬೇಕು ಎಂಬುದು ಅವರ ಷರತ್ತು.

ರಾತ್ರಿ ಒಂಬತ್ತಾದ ಮೇಲೆ ಜಗಲಿಯ ಬಲ್ಬಿನ ಕೆಳಗೆ ಬಂದು ನಿಂತರು. ಅದೇ ಹಸಿರು ಸೀರೆ, ಹೆಂಡತಿಯ ಮದುವೆಯದು. ನಾನು ಕ್ಯಾಮೆರಾ ಕಣ್ಣಿಗೊತ್ತಿ ಅವರಿಗಾಗಿ ಕಾದೆ. ಅವರು ಬೆನ್ನು ನೆಟ್ಟಗೆ ಮಾಡಿ, ಎರಡು ಕೈಯನ್ನೂ ಹೊಟ್ಟೆಯ ಮೇಲೆ ಜೋಡಿಸಿ, ಲೆನ್ಸಿನ ಕಡೆ ನೋಡಿದರು. ಅಷ್ಟರಲ್ಲಿ ಒಳಗಿನಿಂದ ಹೆಂಡತಿ, "ನಿಲ್ಲಿ, ನಿಲ್ಲಿ, ನೆರಿಗೆ ಒಂದೇ ಕಡೆ ಹೋಗಿದೆ" ಎನ್ನುತ್ತಾ ಬಂದು, ಹಲ್ಲಿನಲ್ಲಿ ಪಿನ್ನು ಕಚ್ಚಿಕೊಂಡು, ಗಂಡನ ಭುಜದ ಮೇಲೆ ಸೆರಗನ್ನು ಮಡಿಸತೊಡಗಿದರು. "ಅಮ್ಮ, ನೀವೂ ಚಿತ್ರದಲ್ಲಿ ಇರಬಹುದೇ?" ಎಂದೆ. ಪಿನ್ನು ಕಚ್ಚಿದ್ದರಿಂದ ಮಾತಿಲ್ಲದೆ ಹೂಂ ಎಂದು ತಲೆಯಾಡಿಸಿದರು. 1/30 ಸೆಕೆಂಡು, ಬಲ್ಬಿನ ಹಳದಿ ಬೆಳಕು. ಅವರ ಬೆರಳುಗಳು ಕೊಂಚ ಅಲ್ಲಾಡಿವೆ.